ಹವಳವೆಂದರೂ ಪಗಡವೆಂದರೂ

ಓದುಗರೇ, ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಈ ಮಾತುಗಳನ್ನು ಕೇಳಿದವರು ನಿಮ್ಮಲ್ಲಿ ಕೆಲವರಿರಬಹುದು. ರೇಡಿಯೋದಲ್ಲಿ ಸಮಯ ಕಡಿಮೆ, ಗಡಿಯಾರ ನೋಡಿಕೊಂಡು ಓದಬೇಕು. ಆಗ ಬಿಟ್ಟದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ. ನಾನು ಪಂಡಿತನಲ್ಲ. ಹತ್ತನೆಯ ತರಗತಿ ಪಾಸು ಮಾಡಿ ಬ್ಯಾಂಕಿಗೆ ಗುಮಾಸ್ತನಾಗಿ ಸೇರಿ, ಗುಮಾಸ್ತನಾಗಿಯೇ ನಿವೃತ್ತನಾದವನು. ಸಮುದ್ರವನ್ನು ಕಣ್ಣಾರೆ ನೋಡಿದ್ದು ಜೀವಮಾನದಲ್ಲಿ ಎರಡೇ ಸಲ. ಇಂಥವನಿಗೆ ಹವಳದ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಅದಕ್ಕೆ ಕಾರಣ ಒಂದು ತಾಳಿಸರ.

ನಾನು ಕೆಲಸಕ್ಕೆ ಸೇರಿದ ಹೊಸತು. ಮುಂಗಾರು ಕಾಲಿಡುವ ಹೊತ್ತಿಗೆ ಶೇಂಗಾ ಬೀಜ ಕೊಳ್ಳಲು ಒಡವೆ ಅಡವಿಡುವವರ ಸಾಲು ಬಾಗಿಲಾಚೆಗೂ ಇರುತ್ತಿತ್ತು. ಓಬಳಾಪುರದ ಕಡೆಯ ಒಬ್ಬ ತಾಯಿ ಸೆರಗಿನ ಗಂಟು ಬಿಚ್ಚಿ ತಾಳಿಸರ ಮೇಜಿನ ಮೇಲಿಟ್ಟರು. ಎರಡು ತಾಳಿ, ನಾಲ್ಕು ಗುಂಡು, ನಡುನಡುವೆ ಕೆಂಪು ಮಣಿಗಳು. "ಹದಿನಾರು ಹವಳ ಅದಾವೆ ನೋಡಪ್ಪಾ, ಎಣಿಸ್ಕಾ" ಎಂದರು. ಚಿನ್ನ ಉಜ್ಜಿ ನೋಡುವ ಅಕ್ಕಸಾಲಿಗರು ತೆಲುಗಿನವರು. ಅವರು "ಪಗಡಾಲು ತೀಸೇಯಿ" ಎಂದರು. ಪಗಡದ ತೂಕ ಕಳೆ ಎಂದು ಅರ್ಥ. ಬ್ಯಾಂಕಿನ ಲೆಕ್ಕದಲ್ಲಿ ಅರಗು, ದಾರ, ಕಲ್ಲು ಎಲ್ಲ ಕಳೆದು ಉಳಿದದ್ದೇ ಚಿನ್ನ. ನಮೂನೆಯಲ್ಲಿ ಇಂಗ್ಲಿಷಿನಲ್ಲಿ ಕಲ್ಲು ಎಂಬ ಒಂದೇ ಕಲಮು ಇತ್ತು. ನಾನು ಅದರಲ್ಲಿ ಒಟ್ಟು ತೂಕ ಬರೆದೆ. ಹವಳ ಎಂದೂ ಬರೆಯಲಿಲ್ಲ, ಪಗಡ ಎಂದೂ ಬರೆಯಲಿಲ್ಲ, ಹದಿನಾರು ಎಂದಂತೂ ಬರೆಯಲೇ ಇಲ್ಲ.

ಸಂಕ್ರಾಂತಿ ಕಳೆದ ಮೇಲೆ ಬಿಡಿಸಿಕೊಳ್ಳಲು ಬಂದರು. ಚೀಲದ ಅರಗು ಒಡೆದು ಸರ ಹೊರತೆಗೆದರೆ ದಾರ ಜೀರ್ಣವಾಗಿ ಮಣಿಗಳು ಬಟ್ಟೆಯ ಮೇಲೆ ಚೆಲ್ಲಿದವು. ಎಣಿಸಿದರೆ ಹದಿನಾಲ್ಕು. ಮೇಜಿನ ಕೆಳಗೆ, ಪೆಟ್ಟಿಗೆಯ ಮೂಲೆಯಲ್ಲಿ, ಚೀಲದ ಹೊಲಿಗೆಯಲ್ಲಿ ಹುಡುಕಿದೆವು, ಸಿಗಲಿಲ್ಲ. ದಾರ, ಕೊಳೆ, ಮಣಿ ಎಲ್ಲ ಸೇರಿದ ತೂಕದಿಂದ ಎರಡು ಸಣ್ಣ ಮಣಿಯ ವ್ಯತ್ಯಾಸ ಹಿಡಿಯುವುದು ಸಾಧ್ಯವೇ? ಕಾಗದದಲ್ಲಿ ಇದ್ದದ್ದು ಕಲ್ಲು. ಆ ತಾಯಿ ಕೂಗಾಡಲಿಲ್ಲ. "ನಾನು ಹವಳ ಅಂದಿದ್ನಲ್ಲಪ್ಪಾ, ಕಲ್ಲು ಅಂದಿದ್ದಿಲ್ಲ" ಎಂದಷ್ಟೇ ಹೇಳಿದರು. ನನ್ನ ಸಂಬಳದಲ್ಲಿ ಎರಡು ಹವಳ ಕೊಡಿಸುತ್ತೇನೆಂದೆ. "ಬ್ಯಾಡ. ಅವು ನಮ್ಮವ್ವನ ಕೊಳ್ಳಾಗಿದ್ದವು" ಎಂದು ಸೆರಗಿಗೆ ಕಟ್ಟಿಕೊಂಡು ಹೊರಟರು. ಬರೆದವನು ನಾನು, ತಪ್ಪೂ ನನ್ನದೇ. ಅಂದಿನಿಂದ ಆ ಒಂದು ಮಾತು ನನ್ನ ಬೆನ್ನು ಹತ್ತಿತು. ಹವಳ ಎಂದರೆ ಕಲ್ಲೇ? ಕಲ್ಲಲ್ಲದಿದ್ದರೆ ಏನು? ನಮ್ಮವರು ಹವಳ ಎನ್ನುವುದಕ್ಕೂ ತೆಲುಗಿನವರು ಪಗಡ ಎನ್ನುವುದಕ್ಕೂ ನಂಟೇನು? ರಜೆಯ ದಿನ ಸಿಕ್ಕ ನಿಘಂಟುಗಳನ್ನು ತಿರುವುತ್ತ ಹೋದೆ.

ಮೊದಲು ಹವಳದ ಮನೆತನ ನೋಡೋಣ. ಇದರ ಮೂಲ ಸಂಸ್ಕೃತದ ಪ್ರವಾಳ. ಪ್ರವಾಳ ಎಂದರೆ ಮೊದಲ ಅರ್ಥ ಎಳೆ ಚಿಗುರು. ಮಾವಿನ ಮರ ವಸಂತದಲ್ಲಿ ಕೆಂಪಗೆ ಚಿಗುರುತ್ತದಲ್ಲ, ಅಂಥದ್ದು. ಸಮುದ್ರದಿಂದ ಬಂದ ಕೆಂಪು ಕವಲುಕಡ್ಡಿಯನ್ನು ನೋಡಿದವರು ಇದೂ ಒಂದು ಚಿಗುರೇ ಎಂದುಕೊಂಡು ಅದೇ ಹೆಸರಿಟ್ಟರು. ಸಂಸ್ಕೃತದಲ್ಲಿ ಇನ್ನೊಂದು ಹೆಸರು ವಿದ್ರುಮ. ದ್ರುಮ ಎಂದರೆ ಮರ. ವಿದ್ರುಮ ಎಂದರೆ ವಿಶೇಷವಾದ ಮರ. ಎರಡೂ ಹೆಸರು ಹವಳವನ್ನು ಗಿಡಮರದ ಜಾತಿಗೆ ಸೇರಿಸಿವೆ. ನನ್ನ ಕಲಮಿನ ಕಲ್ಲು ಎಂಬ ಮಾತನ್ನು ಆ ಹಳಬರು ಯಾರೂ ಒಪ್ಪುತ್ತಿರಲಿಲ್ಲ.

ಪ್ರವಾಳ ಜನರ ಬಾಯಿಗೆ ಬಿದ್ದಾಗ ಒತ್ತಕ್ಷರ ಸವೆಯಿತು, ಪವಳ ಆಯಿತು. ಹೀಗೆ ಸಂಸ್ಕೃತದ ಮಾತು ಸವೆದು ನಮ್ಮದಾಗುವುದಕ್ಕೆ ತದ್ಭವ ಎನ್ನುತ್ತಾರೆ. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಇದಕ್ಕೆಂದೇ ಒಂದು ಪ್ರಕರಣ ಬರೆದಿದ್ದಾನೆ. ಹಳಗನ್ನಡದಲ್ಲಿ ಹವಳವಿಲ್ಲ, ಪವಳವೇ ಇರುವುದು. ತಮಿಳರು ಇವತ್ತಿಗೂ ಪವಳಂ ಎನ್ನುತ್ತಾರೆ, ಮಲೆಯಾಳದವರು ಪವಿಳಂ ಎನ್ನುತ್ತಾರೆ. ಕನ್ನಡದ ಪಕಾರ ಮಾತ್ರ ಹಕಾರವಾಗಿ ತಿರುಗಿತು. ಸುಮಾರು 10ನೆಯ ಶತಮಾನದಿಂದ ಅಲ್ಲಲ್ಲಿ ಕಾಣಿಸಿಕೊಂಡು, 14ನೆಯ ಶತಮಾನದ ಹೊತ್ತಿಗೆ ಈ ಬದಲಾವಣೆ ಬಹುಮಟ್ಟಿಗೆ ನೆಲೆಯಾಯಿತು.

ಈ ಸೂತ್ರವನ್ನು ಬೆಂಗಳೂರು ಮೈಸೂರಿನವರು ಪುಸ್ತಕ ಓದಿ ಕಲಿಯಬೇಕು. ನಮಗೆ ಅಂಗಳದಲ್ಲೇ ಪಾಠ. ಆಚೆ ಮನೆಯವರು ಪಾಲು ಎಂದರೆ ಈಚೆ ಮನೆಯವರು ಹಾಲು ಎನ್ನುತ್ತಾರೆ. ಅವರ ಪುಲಿ ನಮ್ಮ ಹುಲಿ, ಅವರ ಪಲ್ಲೆ ನಮ್ಮ ಹಳ್ಳಿ, ಅವರ ಪಂದಿ ನಮ್ಮ ಹಂದಿ, ಅವರ ಪುವ್ವು ನಮ್ಮ ಹೂವು. ನಮ್ಮ ಮಕ್ಕಳು ಐದು ವರ್ಷಕ್ಕೇ ಈ ಪಕಾರ ಹಕಾರಗಳನ್ನು ಅದಲುಬದಲು ಮಾಡಿ ಆಡುತ್ತವೆ, ವ್ಯಾಕರಣವೆಂದು ಅವಕ್ಕೆ ಗೊತ್ತೇ ಇಲ್ಲ. ಮಡಕಶಿರಾ ಕಡೆಯವರಿಗೆ ಇನ್ನೂ ಒಳ್ಳೆಯ ಸಾಕ್ಷಿ ಇದೆ. ಅಮರಾಪುರದ ಹತ್ತಿರದ ಹೇಮಾವತಿ ಒಂದು ಕಾಲಕ್ಕೆ ನೊಳಂಬರ ರಾಜಧಾನಿ. ಅಲ್ಲಿಯ ಕಪ್ಪುಕಲ್ಲಿನ ಗುಡಿಗಳನ್ನೂ ಕನ್ನಡ ಶಾಸನಗಳನ್ನೂ ನೀವು ನೋಡಿರುತ್ತೀರಿ. ಆ ಊರಿನ ಹಳೆಯ ಹೆಸರು ಪೆಂಜೇರು. ಅದೇ ಹೆಂಜೇರು ಆಯಿತು. ಪವಳ ಹವಳವಾದ ದಾರಿಯಲ್ಲೇ ಪೆಂಜೇರೂ ನಡೆದಿದೆ.

ಹಾಗಾದರೆ ಪಗಡ? ಇದು ಬೇರೆ ಮನೆತನವಲ್ಲ, ಅದೇ ಮನೆಯ ಇನ್ನೊಬ್ಬ ಮಗ. ತೆಲುಗಿನಲ್ಲಿ ಪಗಡಮು, ಪವಡಮು ಎರಡೂ ಉಂಟು. ಪವಡ ಎಂಬಲ್ಲಿ ಪ್ರವಾಳದ ವಕಾರ ಇನ್ನೂ ಉಳಿದಿದೆ, ಳಕಾರ ಡಕಾರವಾಗಿದೆ. ಪಗಡಕ್ಕೆ ಬರುವಾಗ ವಕಾರದ ಜಾಗದಲ್ಲಿ ಗಕಾರ ಕೂತಿತು. ವಕಾರ ಗಕಾರವಾಗುವುದು ಹೇಗೆ ಎಂದು ಅನುಮಾನಿಸುವವರು ತೆಲುಗಿನ ಪಗಲು ಎಂಬ ಮಾತನ್ನು ನೆನೆಯಬೇಕು. ಹಗಲು ಎಂಬ ಅರ್ಥದ ಪಗಲುವಿಗೆ ತೆಲುಗಿನ ಗ್ರಂಥಗಳಲ್ಲಿ ಪವಲು ಎಂಬ ರೂಪವೂ ಇದೆ. ಪಗಲು ಪವಲು ಒಂದೇ ಆದರೆ ಪಗಡ ಪವಡವೂ ಒಂದೇ ಆಗಲು ಅಡ್ಡಿಯೇನು? ಆ ದಿನ ಆ ತಾಯಿ ಹವಳ ಎಂದಾಗ, ಅಕ್ಕಸಾಲಿಗರು ಪಗಡ ಎಂದಾಗ, ಇಬ್ಬರೂ ಒಂದೇ ಮಾತನ್ನು ಎರಡು ನಾಲಿಗೆಯಿಂದ ಆಡಿದ್ದರು. ನಡುವೆ ಕೂತ ನಾನು ಮೂರನೆಯದನ್ನು ಬರೆದೆ.

ಇಲ್ಲಿ ಒಂದೆರಡು ಎಚ್ಚರಿಕೆ. ಚೌಕ ಹಾಕಿ ಆಡುವ ಪಗಡೆ ಬೇರೆ, ಕೊರಳಿನ ಪಗಡ ಬೇರೆ. ಬ್ಯಾಂಕಿನವರು ಹೆದರುವ ಹವಾಲಾ ಅರಬ್ಬೀ ಮಾತು. ಅದಕ್ಕೂ ಹವಳಕ್ಕೂ ಸಂಬಂಧವಿಲ್ಲ. ನಮ್ಮ ಹವಾಲ್ದಾರನೂ ಆ ಅರಬ್ಬೀ ಮನೆಯವನೇ. ರಾಯದುರ್ಗದ ಸಾಬರ ಮನೆಗಳಲ್ಲಿ ಹವಳಕ್ಕೆ ಮೂಂಗಾ ಎನ್ನುವುದನ್ನು ಕೇಳಿದ್ದೀರಿ. ಅವರ ಅರಬ್ಬೀ ಗ್ರಂಥದ ಹೆಸರು ಮರ್ಜಾನ್. ಇನ್ನು ನಮ್ಮ ಹಿತ್ತಿಲ ಪಾರಿಜಾತವನ್ನು ತೆಲುಗಿನಲ್ಲಿ ಪಗಡಮಲ್ಲೆ ಎಂದೂ ತಮಿಳಿನಲ್ಲಿ ಪವಳಮಲ್ಲಿ ಎಂದೂ ಕರೆಯುತ್ತಾರೆ. ಬೆಳಗಿನ ಜಾವ ಉದುರಿದ ಹೂವನ್ನು ಮಗುಚಿ ನೋಡಿ, ಬಿಳಿಯ ಎಸಳಿನ ಕೆಳಗೆ ಹವಳದ ತೊಟ್ಟು ಕಾಣುತ್ತದೆ.

ಮಾತು ಎಲ್ಲಿಂದ ಬಂತು ಎಂಬುದಾಯಿತು. ವಸ್ತು ಎಲ್ಲಿಂದ ಬಂತು? ಇಲ್ಲಿ ನನಗೆ ನಿಜವಾಗಿ ಆಶ್ಚರ್ಯವಾಯಿತು. ನಮ್ಮ ಹೆಣ್ಣುಮಕ್ಕಳ ಕೊರಳಿನ ಕೆಂಪು ಹವಳ ನಮ್ಮ ದೇಶದ ಸಮುದ್ರದ್ದಲ್ಲ. ಅದು ಇಟಲಿ, ಸ್ಪೇನ್, ಆಫ್ರಿಕದ ಉತ್ತರ ದಂಡೆಗಳ ನಡುವೆ ಇರುವ ಮೆಡಿಟರೇನಿಯನ್ ಸಮುದ್ರದ್ದು. ಎರಡು ಸಾವಿರ ವರ್ಷದಿಂದ ಹಡಗಿನಲ್ಲಿ ಬರುತ್ತಲೇ ಇದೆ. ಕ್ರಿಸ್ತಶಕ 1ನೆಯ ಶತಮಾನದ ಒಬ್ಬ ಗ್ರೀಕ್ ನಾವಿಕನು ಬರೆದ ಪೆರಿಪ್ಲಸ್ ಎಂಬ ಪುಸ್ತಕದಲ್ಲಿ ನಮ್ಮ ರೇವುಗಳಿಗೆ ಬರುವ ಸರಕಿನ ಪಟ್ಟಿ ಇದೆ. ಗುಜರಾತಿನ ಭರೂಚಿಗೂ ಕೇರಳದ ಮುಜಿರಿಸ್‌ಗೂ ಬರುತ್ತಿದ್ದ ಸರಕಿನಲ್ಲಿ ಹವಳ ಸೇರಿದೆ. ಅದೇ ಶತಮಾನದ ರೋಮನ್ ಪಂಡಿತ ಪ್ಲಿನಿ, ತನ್ನವರಿಗೆ ಭಾರತದ ಮುತ್ತು ಎಷ್ಟು ಪ್ರಿಯವೋ ಭಾರತದವರಿಗೆ ಹವಳ ಅಷ್ಟು ಪ್ರಿಯ ಎಂದು ಬರೆದಿದ್ದಾನೆ. ಹೀಗೆ ಹೊರಗೆ ಸಾಗಿಸಿದ್ದರಿಂದ ಬೆಳೆಯುವ ಜಾಗದಲ್ಲೇ ಅದು ಅಪರೂಪವಾಯಿತೆಂದೂ ಹೇಳುತ್ತಾನೆ. ಅವರು ನಮ್ಮ ಮುತ್ತಿಗೆ ಆಸೆಪಟ್ಟರು, ನಾವು ಅವರ ಹವಳಕ್ಕೆ.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬೊಕ್ಕಸಕ್ಕೆ ತೆಗೆದುಕೊಳ್ಳಬಹುದಾದ ಹವಳದ ಹೆಸರುಗಳಿವೆ. ಅದರಲ್ಲೊಂದು ಆಲಕಂದಕ. ಈಜಿಪ್ಟಿನ ಅಲೆಕ್ಸಾಂಡ್ರಿಯಾ ಪಟ್ಟಣದಿಂದ ಬಂದದ್ದು ಎಂದು ವಿದ್ವಾಂಸರು ಇದನ್ನು ಅರ್ಥೈಸುತ್ತಾರೆ. ಪಾಲಿ ಗ್ರಂಥಗಳಲ್ಲಿ ಆ ಪಟ್ಟಣದ ಹೆಸರು ಅಲಸಂದ. ಈ ಹೆಸರು ಓದಿದೊಡನೆ ನಿಮಗೂ ನಗು ಬಂದಿರಬೇಕು. ನಮ್ಮ ಹೊಲದ ಅಲಸಂದೆ, ತೆಲುಗಿನ ಅಲಸಂದಲು, ಆ ಊರಿನಿಂದಲೇ ಬಂದವು ಎಂದು ಹೇಳುವವರಿದ್ದಾರೆ. ಕಿವಿಗೆ ಇಂಪಾದ ಮಾತು. ಆದರೆ ಶಬ್ದ ಹೋಲುತ್ತದೆ ಎಂದಷ್ಟಕ್ಕೇ ನಂಟು ಕಟ್ಟಿದರೆ ಪಗಡೆಗೂ ಪಗಡಕ್ಕೂ ಮದುವೆ ಮಾಡಿದಂತೆಯೇ. ಅಲಸಂದೆಯನ್ನು ಅಲ್ಲಿಗೇ ಬಿಡುತ್ತೇನೆ.

ಮುಂದೆ 17 ಮತ್ತು 18ನೆಯ ಶತಮಾನಗಳಲ್ಲಿ ಈ ವ್ಯಾಪಾರ ಮದರಾಸಿಗೆ ಬಂತು. ಇಟಲಿಯ ಲಿವೋರ್ನೊ ಪಟ್ಟಣದಲ್ಲಿಯೂ ಲಂಡನ್ನಿನಲ್ಲಿಯೂ ಇದ್ದ ಯಹೂದಿ ವರ್ತಕರು ಹವಳವನ್ನು ಮದರಾಸಿಗೆ ಕಳಿಸಿ, ಬದಲಿಗೆ ಗೋಲ್ಕೊಂಡ ಸೀಮೆಯ ವಜ್ರ ತರಿಸಿಕೊಳ್ಳುತ್ತಿದ್ದರು. ಮದರಾಸಿನ ಜಾರ್ಜ್ ಟೌನಿನಲ್ಲಿ ಹವಳದ ವರ್ತಕರ ಹೆಸರಿನ ಬೀದಿ ಇವತ್ತಿಗೂ ಇದೆ, ತಮಿಳಿನಲ್ಲಿ ಪವಳಕ್ಕಾರ ತೆರು. ಕೆಂಪು ಕಡ್ಡಿ ಒಳಬಂದಿತು, ಬಿಳಿ ಕಲ್ಲು ಹೊರಹೋಯಿತು. ನಮ್ಮ ಜಿಲ್ಲೆಯ ವಜ್ರಕರೂರಿನಲ್ಲಿ ಮೊದಲ ಮಳೆ ಬಿದ್ದ ಮರುದಿನ ಜನ ಇಂದಿಗೂ ತಲೆ ಬಗ್ಗಿಸಿ ಹೊಲ ಹೊಲ ತಿರುಗುತ್ತಾರೆ, ವಜ್ರ ಸಿಕ್ಕೀತೆಂದು. ಕೊರಳಲ್ಲಿ ಪಗಡ ಹಾಕಿಕೊಂಡ ಹೆಂಗಸು ಕೆಸರಿನಲ್ಲಿ ವಜ್ರ ಹುಡುಕುವುದನ್ನು ನೋಡಿದಾಗಲೆಲ್ಲ ನನಗೆ ಆ ಹಳೆಯ ಹಡಗಿನ ಲೆಕ್ಕ ನೆನಪಾಗುತ್ತದೆ.

ಈಗ ಗಿಡವೋ ಕಲ್ಲೋ ಎಂಬ ಪ್ರಶ್ನೆಗೆ ಬರೋಣ. ಗ್ರೀಕರು ಇದನ್ನು ಕೊರಾಲ್ಲಿಯೋನ್ ಎಂದರು; ಅದರಿಂದ ಲ್ಯಾಟಿನ್, ಫ್ರೆಂಚ್ ಮೂಲಕ ಇಂಗ್ಲಿಷಿನ ಕೋರಲ್ ಬಂತು. ಸಣ್ಣ ಕಲ್ಲು ಎಂಬ ಅರ್ಥದ ಹೀಬ್ರೂ ಗೋರಾಲ್‌ಗೆ ಇದು ನೆಂಟನೆಂದು ಕೆಲವು ವಿದ್ವಾಂಸರ ಮತ. ಹಾಗಿದ್ದರೆ ನನ್ನ ಕಲಮಿಗೆ ಅಲ್ಲೊಬ್ಬ ಸಾಕ್ಷಿ ಸಿಕ್ಕಂತಾಯಿತು. ಆದರೆ ಸತ್ಯ ಎರಡೂ ಅಲ್ಲ. 1720ರ ದಶಕದಲ್ಲಿ ಪೇಸೊನೆಲ್ ಎಂಬ ಫ್ರೆಂಚ್ ವೈದ್ಯನು ಜೀವಂತ ಹವಳವನ್ನು ಸಮುದ್ರದ ನೀರಿನಲ್ಲಿಟ್ಟು ನೋಡಿ, ಅದರ ಹೂಗಳೆಂದು ಹೇಳುತ್ತಿದ್ದವು ಹೂಗಳಲ್ಲ, ಪ್ರಾಣಿಗಳು ಎಂದು ಕಂಡುಕೊಂಡನು. ಪ್ಯಾರಿಸಿನ ದೊಡ್ಡ ಪಂಡಿತರು ಮೊದಲು ನಂಬಲಿಲ್ಲ. ಆತನ ಮಾತಿಗೆ ಮನ್ನಣೆ ಸಿಗಲು ಬಹಳ ವರ್ಷ ಹಿಡಿಯಿತು. ಈ ಸಣ್ಣ ಪ್ರಾಣಿಗೆ ಪಾಲಿಪ್ ಎಂದು ಹೆಸರು. ಗ್ರೀಕಿನಲ್ಲಿ ಬಹಳ ಕಾಲುಳ್ಳದ್ದು ಎಂದರ್ಥ. ನಾವು ಹವಳದ ಹುಳ ಎನ್ನೋಣ. ಅದು ಸಮುದ್ರದ ನೀರಿನಿಂದ ಸುಣ್ಣವನ್ನು ಹೀರಿ ತನ್ನ ಸುತ್ತ ಗಟ್ಟಿ ಗೂಡು ಕಟ್ಟಿಕೊಳ್ಳುತ್ತದೆ. ಹುಳ ಸತ್ತರೂ ಗೂಡು ಉಳಿಯುತ್ತದೆ, ಮೇಲೆ ಇನ್ನೊಂದು ಕಟ್ಟುತ್ತದೆ. ಎಲೆ ಅಡಿಕೆಗೆ ಹಚ್ಚುವ ಸುಣ್ಣವೂ ಹವಳವೂ ಮೂಲದಲ್ಲಿ ಒಂದೇ ಸುಣ್ಣದ ಕುಲ. ನಕಲಿ ಹವಳ ಮಾರುವವರು ಗಾಜಿಗೂ ಪ್ಲಾಸ್ಟಿಕ್ಕಿಗೂ ಬಣ್ಣ ಹಾಕಿದ ಬೇರೆ ಜಾತಿಯ ಹವಳಕ್ಕೂ ಒಂದೇ ಬೆಲೆ ಹೇಳುತ್ತಾರೆ, ಮಂಗಳ ಗ್ರಹದ ಹೆಸರಿನಲ್ಲಿ ಉಂಗುರ ಮಾಡಿಸುವವರು ಜೋಕೆ.

ಆಭರಣದ ಹವಳ ಒಂದು ಜಾತಿ. ಸಮುದ್ರದಲ್ಲಿ ಊರುಗಟ್ಟಲೆ ದಿಬ್ಬ ಕಟ್ಟುವ ಹವಳ ಬೇರೆ ಜಾತಿ. ಆ ದಿಬ್ಬಕ್ಕೆ ಇಂಗ್ಲಿಷಿನಲ್ಲಿ ರೀಫ್ ಎನ್ನುತ್ತಾರೆ. ಉತ್ತರ ಯೂರೋಪಿನ ಹಳೆಯ ನಾವಿಕರ ಭಾಷೆಯಲ್ಲಿ ರಿಫ್ ಎಂದರೆ ಪಕ್ಕೆಲುಬು. ನೀರಿನ ಕೆಳಗೆ ಬಂಡೆಯ ಸಾಲು ಬಡಕಲು ಎತ್ತಿನ ಪಕ್ಕೆಯಂತೆ ಎದ್ದು ಕಾಣುತ್ತದೆ, ಅದಕ್ಕೇ ಆ ಹೆಸರು. ಈ ಮಾತು ನಮಗೆ ಹೊಸದಲ್ಲ. ಕೋಲಾರದ ಚಿನ್ನದ ಗಣಿಗೆ ಕೂಲಿಗೆ ಹೋದವರು ಚಾಂಪಿಯನ್ ರೀಫ್ ಎಂದು ಹೇಳುತ್ತಿದ್ದರಲ್ಲ, ಅದೇ ರೀಫ್. ನಾವಿಕರ ಪಕ್ಕೆಲುಬನ್ನು ಗಣಿಯವರು ಎರವಲು ಪಡೆದು, ನೆಲದೊಳಗಿನ ಚಿನ್ನದ ಪದರಕ್ಕೆ ಇಟ್ಟರು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಆ ಗಣಿ 2001ರಲ್ಲಿ ಮುಚ್ಚಿತು, ಹೆಸರು ಉಳಿದಿದೆ.

ರೀಫ್‌ಗೆ ನಮ್ಮ ಪಾಠಪುಸ್ತಕಗಳು ಹವಳದ ದಿಬ್ಬ ಎಂದು ಹೆಸರಿಟ್ಟವು. ತೆಲುಗಿನ ಪುಸ್ತಕದಲ್ಲಿ ಪಗಡಪು ದಿಬ್ಬ; ಇನ್ನೂ ಗಂಭೀರವಾಗಿ ಬರೆಯುವವರು ಪ್ರವಾಳ ಭಿತ್ತಿಕ ಎನ್ನುತ್ತಾರೆ, ಎಂದರೆ ಹವಳದ ಗೋಡೆ. ದಿಬ್ಬ ಎರಡೂ ಭಾಷೆಗೆ ಸೇರಿದ ಮಾತು. ಆದರೆ ತೆಲುಗಿನವರ ಊರುಗಳಲ್ಲಿ ದಿಬ್ಬ ಎಂದರೆ ಗೊಬ್ಬರದ ಗುಡ್ಡೆಯೂ ಹೌದು. ನಮ್ಮ ತಿಪ್ಪೆ ಬರೀ ಗೊಬ್ಬರದ್ದು, ಅವರ ತಿಪ್ಪ ಮಣ್ಣಿನ ದಿಣ್ಣೆ, ಮರಳಿನ ಗುಡ್ಡೆ. ನನ್ನ ಮೊಮ್ಮಗನ ಪಾಠದಲ್ಲಿ ಪಗಡಪು ದಿಬ್ಬ ಬಂದಾಗ, ಸಮುದ್ರದಲ್ಲೂ ತಿಪ್ಪೆ ಇದೆಯಾ ತಾತಾ ಎಂದು ಕೇಳಿದ. ಒಂದು ರೀತಿಯಲ್ಲಿ ಅವನೇ ಸರಿ. ಸತ್ತ ಹುಳಗಳ ಗೂಡು ರಾಶಿಬಿದ್ದದ್ದೇ ತಾನೆ! ಆದರೆ ಆಸ್ಟ್ರೇಲಿಯದ ಪಕ್ಕದ ಅಂಥ ರಾಶಿ 2,300 ಕಿಲೋಮೀಟರಿಗೂ ಹೆಚ್ಚು ಉದ್ದ. ಭೂಪಟದಲ್ಲಿ ಕನ್ಯಾಕುಮಾರಿಯಿಂದ ದೆಹಲಿಗೆ ಗೆರೆ ಎಳೆದರೆ ಸುಮಾರು ಅಷ್ಟಾಗುತ್ತದೆ.

ನಡುವೆ ನೀರು, ಸುತ್ತ ಬಳೆಯಂತೆ ಹವಳದ ದಂಡೆ, ಹೀಗಿರುವ ದ್ವೀಪಕ್ಕೆ ಅಟಾಲ್ ಎನ್ನುತ್ತಾರೆ. ಈ ಮಾತು ಇಂಗ್ಲಿಷರದಲ್ಲ, ಮಾಲ್ದೀವ್ಸ್ ಜನರ ದಿವೇಹಿ ಭಾಷೆಯದು. ಪಿರಾರ್ ಎಂಬ ಫ್ರೆಂಚ್ ನಾವಿಕನ ಹಡಗು 1602ರಲ್ಲಿ ಅಲ್ಲಿ ಒಡೆಯಿತು. ಐದು ವರ್ಷ ಅಲ್ಲೇ ಸಿಕ್ಕಿಬಿದ್ದವನು ಊರಿಗೆ ಹೋಗಿ ಬರೆದ ಪುಸ್ತಕದಿಂದ ಈ ಮಾತು ಯೂರೋಪಿಗೆ ಹಬ್ಬಿತು. ಈ ಬಳೆ ಹೇಗೆ ಆಯಿತು ಎಂಬುದಕ್ಕೆ ಚಾರ್ಲ್ಸ್ ಡಾರ್ವಿನ್ 1842ರ ಪುಸ್ತಕದಲ್ಲಿ ಒಂದು ವಿವರಣೆ ಕೊಟ್ಟನು. ಸಮುದ್ರದಲ್ಲಿ ಒಂದು ಬೆಂಕಿಬೆಟ್ಟ, ಅದರ ಸುತ್ತ ಹವಳ. ಬೆಟ್ಟ ನಿಧಾನವಾಗಿ ಮುಳುಗುತ್ತದೆ, ಹವಳ ಬೆಳಕಿಗಾಗಿ ಮೇಲಕ್ಕೆ ಕಟ್ಟುತ್ತಲೇ ಇರುತ್ತದೆ. ಕೊನೆಗೆ ಬೆಟ್ಟ ಮಾಯ, ಬಳೆ ಮಾತ್ರ ಉಳಿಯುತ್ತದೆ. 1952ರಲ್ಲಿ ಶಾಂತಸಾಗರದ ಒಂದು ಅಟಾಲಿನಲ್ಲಿ ಬೋರು ಕೊರೆದಾಗ ಸಾವಿರ ಮೀಟರಿಗೂ ಹೆಚ್ಚು ಹವಳದ ಸುಣ್ಣದ ಕೆಳಗೆ ಬೆಂಕಿಬೆಟ್ಟದ ಕಲ್ಲು ಸಿಕ್ಕಿತು. ನಮ್ಮಲ್ಲಿ ಬೋರು ಕೊರೆದರೆ ಧೂಳು ಸಿಗುತ್ತದೆ, ಅಲ್ಲಿ ಡಾರ್ವಿನ್ನನಿಗೆ ರುಜುವಾತು ಸಿಕ್ಕಿತು.

ನಮ್ಮ ದೇಶದ ಅಟಾಲುಗಳು ಲಕ್ಷದ್ವೀಪದಲ್ಲಿವೆ. ಇಲ್ಲಿ ನಮ್ಮ ಸೀಮೆಯ ಚರಿತ್ರೆಗೂ ಒಂದು ಎಳೆ ಇದೆ. ಅಲ್ಲಿಯ ಅಮೀನಿ, ಕಡ್ಮತ್, ಕಿಲ್ತಾನ್, ಚೆಟ್ಲತ್, ಬಿತ್ರಾ ಎಂಬ ಐದು ದ್ವೀಪಗಳಿಗೆ ಅಮಿನ್‌ದಿವಿ ಎಂದು ಹೆಸರು. ದೀವಿ ಎಂದರೆ ದ್ವೀಪ ಎಂದು ತೆಲುಗು ಬಲ್ಲ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಕೃಷ್ಣಾ ನದಿಯ ಬಾಯಲ್ಲಿರುವ ದಿವಿಸೀಮೆಯೂ ಅದೇ. ಇವು ಟಿಪ್ಪು ಸುಲ್ತಾನನ ಕೈಕೆಳಗಿದ್ದವು. 1799ರಲ್ಲಿ ಆತ ಬಿದ್ದ ಮೇಲೆ ಇಂಗ್ಲಿಷ್ ಕಂಪನಿಗೆ ಸೇರಿ, ಮಂಗಳೂರಿನ ಕಲೆಕ್ಟರ ಕಚೇರಿಯಿಂದ ಆಡಳಿತ ನಡೆಯಿತು. ಮರುವರ್ಷ, 1800ರಲ್ಲಿ, ನಿಜಾಮನು ನಮ್ಮ ಬಳ್ಳಾರಿ, ಅನಂತಪುರ, ಕಡಪ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟನು. ಕೆನರಾ ಜಿಲ್ಲೆಗೆ ಕಲೆಕ್ಟರಾಗಿದ್ದ ಥಾಮಸ್ ಮನ್ರೋ ಅಲ್ಲಿಂದ ನೇರವಾಗಿ ನಮ್ಮ ಸೀಮೆಗೆ ಬಂದನು, 1827ರಲ್ಲಿ ಪತ್ತಿಕೊಂಡದಲ್ಲಿ ತೀರಿಕೊಂಡನು. ಹವಳದ ದ್ವೀಪ ಸೇರಿದ ಜಿಲ್ಲೆಯ ಕಾಗದಕ್ಕೂ ಶೇಂಗಾ ಹೊಲದ ಸೀಮೆಯ ಕಾಗದಕ್ಕೂ ರುಜು ಹಾಕಿದ ಕೈ ಒಂದೇ.

ರಾಯದುರ್ಗ ಆಗ ಬಳ್ಳಾರಿ ಜಿಲ್ಲೆಯ ತಾಲ್ಲೂಕು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಮೈಸೂರಿಗೆ ಹೋಯಿತು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಉಳಿದವು. ಅಮಿನ್‌ದಿವಿ 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡದ ಜೊತೆಗಿದ್ದು, ಆಮೇಲೆ ಕೇಂದ್ರಾಡಳಿತಕ್ಕೆ ಸೇರಿತು. ಲಕ್ಷದ್ವೀಪ ಎಂಬ ಹೆಸರು ಇಟ್ಟದ್ದು 1973ರಲ್ಲಿ. ಅಲ್ಲಿಯವರು ಕನ್ನಡಿಗರಲ್ಲ, ಮಲೆಯಾಳದ ಒಂದು ಬಗೆಯನ್ನು ಆಡುವವರು. ಆದರೂ ತೆಂಗಿನ ನಾರು ಹೇರಿಕೊಂಡು ಮಂಗಳೂರಿಗೆ ಬಂದು ಅಕ್ಕಿ ಕೊಂಡೊಯ್ಯುತ್ತಿದ್ದ ಆ ಜನರಿಗೆ ಗೆರೆ ಎಳೆದಾಗ ಏನನ್ನಿಸಿತೋ, ನಮ್ಮ ಹಿರಿಯರಿಗೆ ಅನ್ನಿಸಿದ್ದೇ ಅವರಿಗೂ ಅನ್ನಿಸಿರಬೇಕು. ಮಡಕಶಿರಾ 2022ರಲ್ಲಿ ಇನ್ನೊಂದು ಗೆರೆ ದಾಟಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಗಿದೆ. ನಮಗೆ ಇದೆಲ್ಲ ರೂಢಿ.

ಕರ್ನಾಟಕದ ಕಡಲಲ್ಲಿಯೂ ಹವಳ ಇಲ್ಲವೆಂದಲ್ಲ. ಮುರ್ಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತ ನೀರಿನೊಳಗೆ ಇದೆ, ಮುಳುಗುಗಾರರು ಹೋಗಿ ನೋಡಿ ಬರುತ್ತಾರೆ. ದೊಡ್ಡ ದಿಬ್ಬಗಳಿರುವುದು ಲಕ್ಷದ್ವೀಪ, ಅಂಡಮಾನ್, ಮನ್ನಾರ್ ಮತ್ತು ಕಛ್ ಖಾರಿಗಳಲ್ಲಿ. ಇವುಗಳಲ್ಲಿ ಒಂದು ತುಂಡು ಮುರಿದು ತರುವುದೂ ಅಪರಾಧ. 1972ರ ವನ್ಯಜೀವಿ ಕಾಯಿದೆಯ ಮೊದಲ ಪಟ್ಟಿಗೆ ಇವನ್ನು 2001ರಲ್ಲಿ ಸೇರಿಸಿದರು. ಆದರೆ ಕಾಯಿದೆ ಸಮುದ್ರದ ಬಿಸಿಯನ್ನು ತಡೆಯಲಾರದು. ನೀರು ಕೆಲವು ವಾರ ವಾಡಿಕೆಗಿಂತ ಹೆಚ್ಚು ಕಾದರೆ ಹವಳದೊಳಗೆ ನೆಲೆಸಿ ಅದಕ್ಕೆ ಅನ್ನವನ್ನೂ ಬಣ್ಣವನ್ನೂ ಕೊಡುವ ಪಾಚಿ ಹೊರಬೀಳುತ್ತದೆ, ಹವಳ ಬೂದಿಯಂತೆ ಬಿಳಿಚುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹೀಗಾಯಿತು, 2024ರಲ್ಲಿ ಮತ್ತೆ ಆಯಿತು. ಬಿಳಿಚಿದ ಹವಳ ಬೇಗ ತಣ್ಣಗಾದರೆ ಚೇತರಿಸಿಕೊಳ್ಳುತ್ತದೆ, ಇಲ್ಲವಾದರೆ ಬರೀ ಸುಣ್ಣ.

ಓಬಳಾಪುರದ ಹೆಸರನ್ನೂ ಇಲ್ಲೇ ಹೇಳಿಬಿಡಬೇಕು. ಅಹೋಬಲ ನರಸಿಂಹನ ಹೆಸರು ಜನರ ಬಾಯಲ್ಲಿ ಸವೆದು ಕನ್ನಡದಲ್ಲಿ ಓಬಳ ಆಯಿತು, ತೆಲುಗಿನಲ್ಲಿ ಓಬುಳ. ಪ್ರವಾಳ ಸವೆದಂತೆಯೇ ದೇವರೂ ಸವೆದಿದ್ದಾನೆ. ಆ ಕೆಂಪು ಗುಡ್ಡಗಳ ಕಬ್ಬಿಣದ ಪಟ್ಟೆಕಲ್ಲು 250 ಕೋಟಿ ವರ್ಷಕ್ಕೂ ಹಿಂದೆ ಒಂದು ಸಮುದ್ರದ ತಳದಲ್ಲಿ ಪದರಪದರವಾಗಿ ಕೂತದ್ದೆಂದು ಭೂಗರ್ಭದವರು ಹೇಳುತ್ತಾರೆ. ಸಮುದ್ರವನ್ನು ಎರಡೇ ಸಲ ನೋಡಿದೆ ಎಂದು ಮೊದಲು ಬರೆದೆನಲ್ಲ, ಅದು ಸುಳ್ಳಾಯಿತು. ಹಳೆಯ ಸಮುದ್ರದ ತಳವನ್ನು ದಿನಾ ನೋಡುತ್ತಿದ್ದೆ. ಆಗಿನ್ನೂ ಹವಳದ ಹುಳ ಹುಟ್ಟಿರಲಿಲ್ಲ. ಗುಡ್ಡದ ಕೆಂಪು ಕಬ್ಬಿಣದ ತುಕ್ಕಿನದು, ಹವಳದ ಕೆಂಪು ಬೇರೆ, ಅದು ಗಜ್ಜರಿಗೆ ಬಣ್ಣ ಕೊಡುವ ದ್ರವ್ಯದ ಜಾತಿ. ಆ ಗುಡ್ಡಗಳಲ್ಲಿ ಗಣಿ ಅಗೆದು ಎರಡು ರಾಜ್ಯಗಳ ಗಡಿಗುರುತುಗಳೇ ಕಾಣದಂತಾಗಿ, ಮತ್ತೆ ಅಳತೆ ಮಾಡಬೇಕಾಗಿ ಬಂದದ್ದು ನಿಮಗೆಲ್ಲ ಗೊತ್ತಿರುವ ಸಂಗತಿ. ಗಡಿಕಲ್ಲು ಹೋದರೂ ಹಾಲು ಪಾಲು ಎಂಬ ಗಡಿ ಮಾತ್ರ ಊರ ಬಾವಿಕಟ್ಟೆಯ ಮೇಲೆ ಹಾಗೆಯೇ ಇತ್ತು.

ಇನ್ನೊಂದು ಮಾತು ಹೇಳದಿದ್ದರೆ ಈ ಬರಹ ಅರ್ಧವಾದೀತು. ಕೇರಳದ ಹಳೆಯ ಕವಿಗಳು ತಮ್ಮ ನುಡಿಯನ್ನೂ ಸಂಸ್ಕೃತವನ್ನೂ ಬೆರೆಸಿ ಬರೆಯುವ ಶೈಲಿಗೆ ಮಣಿಪ್ರವಾಳ ಎಂದು ಹೆಸರಿಟ್ಟಿದ್ದರು. ತಮಿಳಿನ ವೈಷ್ಣವ ವ್ಯಾಖ್ಯಾನಕಾರರೂ ಇಂಥ ಶೈಲಿಯಲ್ಲಿ ಬರೆದರು. ಮಣಿ ಎಂದರೆ ಮಾಣಿಕ್ಯ, ಪ್ರವಾಳ ಎಂದರೆ ನಮ್ಮ ಹವಳ. 14ನೆಯ ಶತಮಾನದ ಲೀಲಾತಿಲಕಂ ಎಂಬ ಗ್ರಂಥ ಇದಕ್ಕೇ ವ್ಯಾಕರಣ ಬರೆದಿದೆ. ಮಾಣಿಕ್ಯವೂ ಕೆಂಪು, ಹವಳವೂ ಕೆಂಪು. ಒಂದೇ ದಾರದಲ್ಲಿ ಪೋಣಿಸಿದರೆ ಯಾವುದು ಎಲ್ಲಿ ಮುಗಿಯಿತು ಎಂದು ಕಣ್ಣಿಗೆ ತಿಳಿಯಬಾರದು, ಹಾಗೆ ಬೆರೆಯಬೇಕು ಎಂಬುದು ಆಶಯ. ನಾವು ಸಂತೆಯಲ್ಲಿ ಕನ್ನಡದಲ್ಲಿ ಶುರುಮಾಡಿ ತೆಲುಗಿನಲ್ಲಿ ಮುಗಿಸುವ ಮಾತಿಗೆ ಶಾಲೆಯಲ್ಲಿ ಎರಡೂ ಕಡೆಯ ಮೇಷ್ಟ್ರುಗಳು ಬೆತ್ತ ಎತ್ತುತ್ತಿದ್ದರು. ಅದಕ್ಕೆ ಇಷ್ಟು ಚಂದದ ಹೆಸರಿದೆಯೆಂದು ತಿಳಿದದ್ದು ನನಗೆ ತಲೆ ನರೆತ ಮೇಲೆ.

ಆ ಪ್ರಸಂಗವಾದ ಮೇಲೆ ನಾನು ನಮೂನೆಯ ಕಲಮಿನಲ್ಲಿ ತೂಕ ಬರೆದು, ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ "ಹವಳ, ಪಗಡ" ಎಂದು ಎರಡನ್ನೂ, ಜೊತೆಗೆ ಸಂಖ್ಯೆಯನ್ನೂ ಬರೆಯುವ ಪದ್ಧತಿ ಇಟ್ಟುಕೊಂಡೆ. ತಪಾಸಣೆಗೆ ಬಂದವರು ಇದೇನು ಗೀಚಾಟ ಎಂದು ಕೇಳಿದ್ದುಂಟು. ಕಂಪ್ಯೂಟರ್ ಬಂದ ಮೇಲೆ ಅಂಚೇ ಇಲ್ಲವಾಯಿತು. ರಸೀದಿ ಅಚ್ಚಾಗಿ ಬಂದ ಮೇಲೆ ಪೆನ್ನಿನಿಂದ ಸೇರಿಸಿ ರುಜು ಹಾಕುತ್ತಿದ್ದೆ.

ನಿವೃತ್ತಿಗೆ ಕೆಲವು ತಿಂಗಳಿದ್ದಾಗ ಓಬಳಾಪುರದ ಕಡೆಯ ಒಬ್ಬ ಹೆಣ್ಣುಮಗಳು ತಾಳಿಸರ ತಂದಳು. ತೀರಿಕೊಂಡ ತಾಯಿಯದಂತೆ. ಎರಡು ತಾಳಿ, ನಾಲ್ಕು ಗುಂಡು. ಮಣಿ ಹದಿನಾರೇ ಇದ್ದವು, ಅವುಗಳಲ್ಲಿ ಎರಡು ಮಿಕ್ಕವುಗಳಿಗಿಂತ ಹೆಚ್ಚು ಹೊಳೆಯುತ್ತಿದ್ದವು. ಬೆಳಕಿಗೆ ಹಿಡಿದರೆ ಆಚೆಯ ಬೆಳಕು ಕಂಡಿತು. ಗಾಜು. ನಾನು ಏನೂ ಕೇಳಲಿಲ್ಲ. ರಸೀದಿಯ ಮೇಲೆ "ಹವಳ, ಪಗಡ 14, ಕೆಂಪು ಗಾಜಿನ ಮಣಿ 2" ಎಂದು ಬರೆದು ಕೊಟ್ಟೆ. ಆಕೆ ಬೆರಳಿಟ್ಟು ಓದಿದಳು. "ಗಾಜಿಂದೂ ಬರ್ದೀರಲ್ಲಣ್ಣಾ" ಎಂದು, ಸರವನ್ನು ಮತ್ತೆ ತನ್ನ ಕಡೆ ಎಳೆದುಕೊಂಡು, ಒಂದೊಂದಾಗಿ ಎಣಿಸಿ, ಆಮೇಲೆ ರುಜು ಹಾಕಿದಳು.